ಕೈಗೆಟಕುವ ಬೆಲೆಯ ಮಂದ್ರ

ಕೊಟ್ಟೂರಿನ ತೇರಿಗೋ ಕುರುವತ್ತಿಯ ಜಾತ್ರೆಗೋ ನಡೆಯುವ ರಸಮಂಜರಿಯ ಮುಂದೆ ನಿಂತವರಿಗೆ ಮೊದಲು ಕೇಳುವುದು ಹಾಡುವವರ ದನಿ. ಆಮೇಲೆ ಕೀಬೋರ್ಡು, ಪ್ಯಾಡಿನ ಹೊಡೆತ. ಇವೆಲ್ಲವುಗಳ ಅಡಿಯಲ್ಲಿ ಹರಿಯಬೇಕಾದ ಮಂದ್ರದ ನಾದವನ್ನು ಎಷ್ಟೋ ತಂಡಗಳಲ್ಲಿ ಕೀಬೋರ್ಡಿನವರೇ ಎಡಗೈಯಲ್ಲಿ ನಿಭಾಯಿಸಿಬಿಡುತ್ತಾರೆ. ಅದೇ ಜಾಗದಲ್ಲಿ ಬೇಸ್ ಗಿಟಾರ್ ಹಿಡಿದವರೊಬ್ಬರು ನಿಂತರೆ ಹಾಡಿನ ನಡಿಗೆಯೇ ಬದಲಾಗುತ್ತದೆ. ತಾಳಕ್ಕೂ ರಾಗಕ್ಕೂ ನಡುವೆ ಗಂಟು ಹಾಕುವ ಕೆಲಸ ಅವರದು. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಇಳಯರಾಜ ಆ ಕೆಳಗಿನ ಸ್ವರಗಳಿಗೆ ಎಷ್ಟು ಗೌರವ ಕೊಟ್ಟಿದ್ದಾರೆಂದು ತಿಳಿಯುತ್ತದೆ.

ಮಂದ್ರದ ತಂತಿ ನಮ್ಮ ಸೀಮೆಗೆ ಹೊಸದೇನಲ್ಲ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಮರಿಯಮ್ಮನಹಳ್ಳಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಊರು. ಜೋಗತಿಯರ ಹಾಡಿಗೂ ಕುಣಿತಕ್ಕೂ ಜೊತೆಯಾಗುವ ಚೌಡಿಕೆಯಲ್ಲಿ ಇರುವುದೇನು? ಟೊಳ್ಳು ಡಬ್ಬ, ಅದಕ್ಕೆ ಬಿಗಿದ ಚರ್ಮ, ಎಳೆದು ಕಟ್ಟಿದ ಒಂದು ತಂತಿ. ಅಷ್ಟರಲ್ಲೇ ಇಡೀ ಹಾಡು ನಿಲ್ಲುತ್ತದೆ. ವಾದ್ಯದ ಬೆಲೆಗೂ ಅದು ಹೊರುವ ಭಾರಕ್ಕೂ ಸಂಬಂಧವಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಅಂಗಡಿಯವರೂ ಹೇಳಿಕೊಡಲಾರರು.

ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿ ಕೂಡಿಟ್ಟುಕೊಂಡು ಬೇಸ್ ಕೊಳ್ಳಲು ಹೊರಟ ಹಡಗಲಿಯ ಹುಡುಗನಿಗೋ ಕೂಡ್ಲಿಗಿಯ ಹುಡುಗಿಗೋ ನಾನು ಮೊದಲು ಹೇಳುವುದು ಇಷ್ಟು: ಬಣ್ಣ ನೋಡಬೇಡಿ, ನೆಕ್ ನೋಡಿ. ಇಂದಿನ ಅಗ್ಗದ ಬೇಸ್‌ಗಳಲ್ಲಿ ಹೆಚ್ಚಿನವು 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನ ಸಂತತಿಯವೇ. ನಾಲ್ಕು ತಂತಿ, 34 ಇಂಚಿನ ತಂತಿಯಳತೆ, ಸ್ಕ್ರೂ ಹಾಕಿ ಒಡಲಿಗೆ ಬಿಗಿದ ನೆಕ್, ಸ್ವರದ ಮನೆಗಳನ್ನು ಗುರುತಿಸುವ ಫ್ರೆಟ್‌ಗಳು. ಅಷ್ಟು ಸರಳ ವಿನ್ಯಾಸವಾದ್ದರಿಂದಲೇ ಅದನ್ನು ಕಡಿಮೆ ಖರ್ಚಿನಲ್ಲೂ ಚೆನ್ನಾಗಿ ಮಾಡಬಹುದು. ಒಡಲಿನ ಮರ ಯಾವುದೆಂದು ತಲೆ ಕೆಡಿಸಿಕೊಳ್ಳುವ ಅಗತ್ಯ ಈ ಬೆಲೆಯಲ್ಲಿ ಇಲ್ಲ. ತಂತಿಯ ಕಂಪನವನ್ನು ಹಿಡಿಯುವುದು ಪಿಕಪ್‌ನ ಅಯಸ್ಕಾಂತ ಮತ್ತು ಸುರುಳಿ. ಆದರೆ ನೆಕ್ ಸೊಟ್ಟಗಿದ್ದರೆ ಯಾವ ಪಿಕಪ್ಪೂ ಉಳಿಸಲಾರದು.

ನಾಲ್ಕು ತಂತಿಗಳು ಸೇರಿ ನೆಕ್ಕಿನ ಕಟ್ಟಿಗೆಯನ್ನು ಸುಮಾರು 70–80 ಕಿಲೋ ಬಲದಲ್ಲಿ ಎಳೆಯುತ್ತವೆ, ಒಬ್ಬ ಆಳು ಹಗಲೂ ರಾತ್ರಿ ಅದಕ್ಕೆ ಜೋತುಬಿದ್ದಂತೆ. ಆ ಎಳೆತಕ್ಕೆ ಎದುರು ನಿಲ್ಲಲು ನೆಕ್ಕಿನೊಳಗೆ ಒಂದು ಉಕ್ಕಿನ ಸರಳು ಹುದುಗಿರುತ್ತದೆ, ಅದೇ ಟ್ರಸ್ ರಾಡ್. ಅಂಗಡಿಯಲ್ಲಿ ಬೇಸನ್ನು ಬಂದೂಕಿನಂತೆ ಎತ್ತಿ ಹಿಡಿದು, ತಲೆಯ ಕಡೆಯಿಂದ ಒಂದೇ ಕಣ್ಣಿನಲ್ಲಿ ಉದ್ದಕ್ಕೂ ನೋಡಿ. ಚೂರು ಒಳಬಾಗು ಇರಬೇಕು, ಅದು ದೋಷವಲ್ಲ. ಎಡ ಅಂಚು ಒಂದು ಕಡೆ, ಬಲ ಅಂಚು ಇನ್ನೊಂದು ಕಡೆ ತಿರುಚಿಕೊಂಡಿದ್ದರೆ ಕೆಳಗಿಟ್ಟು ಹೊರಡಿ. ಅರ್ಧ ಬೆಲೆಗೆ ಕೊಡುತ್ತೇನೆಂದರೂ ಬೇಡ, ತಿರುಚಿದ್ದನ್ನು ನೆಟ್ಟಗೆ ಮಾಡುವ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ಬಾಗು ಎಷ್ಟಿದೆಯೆಂದು ತಿಳಿಯಲು ಮತ್ತೊಂದು ದಾರಿ ಇದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸಿ. ಕಾರ್ಡು ಸಲೀಸಾಗಿ ಒಳಹೋಗಿ ಹೆಚ್ಚು ಸಂದು ಉಳಿಯದಿದ್ದರೆ ಆ ನೆಕ್ ಆರೋಗ್ಯವಾಗಿದೆ.

ನಮ್ಮ ಸೀಮೆಯ ಬೇಸಿಗೆಯನ್ನು ಇಲ್ಲಿ ಮರೆಯುವಂತಿಲ್ಲ. ಮಾರ್ಚ್ ಕಳೆದರೆ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕಟ್ಟಿಗೆ ಒಣಗಿ ಕುಗ್ಗುತ್ತದೆ, ಫ್ರೆಟ್ಟಿನ ಲೋಹ ಕುಗ್ಗುವುದಿಲ್ಲ. ಹಾಗಾಗಿ ಫ್ರೆಟ್ಟಿನ ತುದಿಗಳು ನೆಕ್ಕಿನ ಅಂಚಿನಿಂದ ಹೊರಚಾಚಿ ಅಂಗೈಯನ್ನು ಕೊರೆಯುತ್ತವೆ. ಅಗ್ಗದ ವಾದ್ಯಗಳಲ್ಲಿ ಈ ತೊಂದರೆ ಜಾಸ್ತಿ. ಇದಕ್ಕೆ ಹೆದರಿ ವಾದ್ಯ ಬಿಡಬೇಕಿಲ್ಲ, ಬಂಗಾರದ ಕೆಲಸದವರ ಬಳಿ ಇರುವಂಥ ಸಣ್ಣ ಅರದಿಂದ ನಿಧಾನವಾಗಿ ಉಜ್ಜಿದರೆ ತುದಿಗಳು ನುಣುಪಾಗುತ್ತವೆ. ಅಂಚಿಗೆ ಟೇಪ್ ಅಂಟಿಸಿ ಉಜ್ಜಿದರೆ ಕಟ್ಟಿಗೆಗೂ ಪೆಟ್ಟಿಲ್ಲ. ಮಳೆ ಹಿಡಿದ ಮೇಲೆ ಬಾಗು ಮತ್ತೆ ಬದಲಾಗುತ್ತದೆ. ಆಗ ಅಲೆನ್ ಕೀಯಿಂದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ತಿರುಗಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡುವುದು ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಈ ರಾಡ್ ಎರಡೂ ಕಡೆಗೆ ತಿರುಗುತ್ತದೆಯೇ ಎಂದು ಮಾರುವವರ ಮುಂದೆಯೇ ಪರೀಕ್ಷಿಸಿ. ಜಾಮ್ ಆಗಿದ್ದರೆ ಬೇಡ.

ಇದಾದ ಮೇಲೆ ಕೂತು ನುಡಿಸಬೇಕು. ಹಾಡು ಬರದಿದ್ದರೂ ಸರಿ, ಒಂದೊಂದು ತಂತಿಯಲ್ಲೂ ಒಂದೊಂದು ಫ್ರೆಟ್ಟನ್ನು ಒತ್ತುತ್ತ ಮೇಲಕ್ಕೆ ಹೋಗಿ. ಎಲ್ಲಿ ನಾದ ಝರ್ ಎನ್ನುತ್ತದೆ, ಎಲ್ಲಿ ಥಟ್ಟನೆ ಸತ್ತುಹೋಗುತ್ತದೆ, ಕಿವಿಯೇ ಹೇಳುತ್ತದೆ. ಇಡೀ ನೆಕ್ಕಿನಲ್ಲಿ ಝರ್ ಅಂದರೆ ತಂತಿ ತೀರಾ ಕೆಳಗಿದೆ, ಅದು ಒಡಲ ಮೇಲೆ ತಂತಿಗಳನ್ನು ಹೊತ್ತ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿಮಾಡುವ ಮಾತು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಕೈಗೆ ಹಿತ. ಒಂದೇ ಫ್ರೆಟ್ಟಿನಲ್ಲಿ ಮಾತ್ರ ಝರ್ ಅಂದರೆ ಬ್ರಿಡ್ಜಿನ ಕಡೆಗೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು, ಬೆಲೆ ಇಳಿಸಿ ಕೇಳಬಹುದು. ಶ್ರುತಿಯ ಪರೀಕ್ಷೆಗೆ ಮೊಬೈಲಿನ ಟ್ಯೂನರ್ ಸಾಕು: ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಮೆಲ್ಲಗೆ ಮುಟ್ಟಿ ಮೀಟಿದಾಗಿನ ಸ್ವರವೂ ಅಲ್ಲೇ ಒತ್ತಿ ಮೀಟಿದಾಗಿನ ಸ್ವರವೂ ಒಂದೇ ಆಗಿರಬೇಕು. ವ್ಯತ್ಯಾಸ ಬಂದರೆ ಬ್ರಿಡ್ಜಿನ ಮೇಲಿನ ತಂತಿಯ ಆಸರೆಯನ್ನು ಹಿಂದೆ ಮುಂದೆ ಸರಿಸಿ ಹೊಂದಿಸುತ್ತಾರೆ. ಹೀಗೆ ಬಾಗು, ಎತ್ತರ, ಶ್ರುತಿ ಮೂರನ್ನೂ ಒಂದಕ್ಕೊಂದು ಒಗ್ಗಿಸುವ ಕೆಲಸವೇ ಸೆಟಪ್. ಬಲ್ಲವರ ಕೈಯಲ್ಲಿ ಇದು ನಡೆಯುವುದನ್ನು ನೋಡುವುದೇ ಒಂದು ಸಂತೋಷ. ಒರಟಾಗಿ ಬಂದ ಕಡಿಮೆ ಬೆಲೆಯ ವಾದ್ಯ ಅವರ ಮೇಜಿನ ಮೇಲೆ ಕಣ್ಣೆದುರೇ ಸಂಗೀತಕ್ಕೆ ತೆರೆದುಕೊಳ್ಳುತ್ತದೆ. ಹಣ ಬಿಗಿಯಿದ್ದಾಗ ದೊಡ್ಡ ಹೆಸರಿಗೆ ಮೇಲಿನ ಎರಡು ಸಾವಿರ ಕೊಡುವ ಬದಲು ಒಳ್ಳೆಯ ಸೆಟಪ್ಪಿಗೆ ಕೊಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಬ್ ತಿರುಗಿಸಿದಾಗ ಕರಕರ ಎಂದರೆ, ಕೇಬಲ್ ಸಿಕ್ಕಿಸುವ ಜಾಕ್ ಸಡಿಲವಿದ್ದರೆ ಚಿಂತೆಯಿಲ್ಲ, ಊರಿನ ಟಿ.ವಿ. ರಿಪೇರಿಯವರೇ ಬೆಸುಗೆ ಹಾಕಿ ಸರಿಮಾಡಬಲ್ಲರು. ಒಂಬತ್ತು ವೋಲ್ಟಿನ ಬ್ಯಾಟರಿ ಬೇಡುವ ಆ್ಯಕ್ಟಿವ್ ಬೇಸ್‌ಗಿಂತ ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸ್ ನಮಗೆ ವಾಸಿ. ನಡುರಾತ್ರಿಯ ಕಾರ್ಯಕ್ರಮದಲ್ಲಿ ಬ್ಯಾಟರಿ ಮುಗಿದರೆ ಹಳ್ಳಿಯಲ್ಲಿ ಎಲ್ಲಿ ಹುಡುಕುವುದು? ಐದು ತಂತಿಯ ಆಸೆಯೂ ಸದ್ಯಕ್ಕೆ ಬೇಡ. ಕೈ ಚಿಕ್ಕದಿರುವವರು 30 ಇಂಚಿನ ಗಿಡ್ಡ ಅಳತೆಯ ಬೇಸನ್ನು ಸಂಕೋಚವಿಲ್ಲದೆ ಆರಿಸಿಕೊಳ್ಳಬಹುದು. ತಂತಿ ಹಳೆಯದೆಂಬ ಕೊರಗೂ ಬೇಕಿಲ್ಲ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್, ಬಲಗೈಯ ಒಂದೇ ಬೆರಳಿನಲ್ಲಿ ಮೀಟುತ್ತಿದ್ದರು. ತಂತಿ ಬದಲಿಸುವ ಗೋಜಿಗೂ ಅವರು ಅಷ್ಟಾಗಿ ಹೋದವರಲ್ಲ.

ಇಟ್ಟ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಬೇಸ್‌ನ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಮೊಬೈಲಿನ ಸ್ಪೀಕರ್ ಕೇಳಿಸಲಾರದು, ಸಾಮಾನ್ಯ ಗಿಟಾರಿನ ಪುಟ್ಟ ಆಂಪ್ಲಿಫೈಯರಿಗೆ ಜೋರಾಗಿ ಕೊಟ್ಟರೆ ಸ್ಪೀಕರೇ ಹಾಳಾದೀತು. ಮನೆಯ ಅಭ್ಯಾಸಕ್ಕೆ ಹೆಡ್‌ಫೋನ್ ಸಿಕ್ಕಿಸುವ ಸಣ್ಣ ಬೇಸ್ ಆಂಪ್ ಸಾಕು. ವೇದಿಕೆಯಲ್ಲಿ ಹೇಗೂ ಮೈಕ್‌ಸೆಟ್ಟಿನವರ ದೊಡ್ಡ ಪೆಟ್ಟಿಗೆಗಳಿರುತ್ತವೆ, ನೇರ ಅವರ ಮಿಕ್ಸರಿಗೇ ಕೊಡಬಹುದು.

ಜಾತ್ರೆಯ ವೇದಿಕೆ ಜನರೇಟರಿನ ಮೇಲೆ ನಡೆಯುವಾಗ ಮಾತ್ರ ಒಂದು ಎಚ್ಚರ. ಬೇಸ್‌ನ ಲೋಹದ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಅರ್ತಿಗೆ ಸೇರಿರುತ್ತವೆ. ಅರ್ತಿಂಗ್ ಸರಿಯಿಲ್ಲದ ಕಡೆ, ಒಂದು ಕೈ ತಂತಿಯ ಮೇಲಿರುವಾಗ ಇನ್ನೊಂದು ಕೈಯಲ್ಲಿ ಮೈಕು ಹಿಡಿದರೆ ಶಾಕ್ ಹೊಡೆಯಬಹುದು. ಕೇಬಲ್ ಸಿಕ್ಕಿಸುವ ಮೊದಲು ಅರ್ತ್ ತಂತಿ ಎಲ್ಲಿ ಹೂತಿದ್ದಾರೆಂದು ಮೈಕ್‌ಸೆಟ್ಟಿನವರನ್ನು ಕೇಳಿ. ಅವರು ತೋರಿಸಿದ ಮೇಲೆಯೇ ವೇದಿಕೆ ಹತ್ತಿ.