ಮಣಿಕಟ್ಟಿನ ಆಪರೇಶನ್: ಹತ್ತು ವರ್ಷದ ಮೇಲೆ ಕೈ ಹೇಗಿರುತ್ತದೆ?

“ಡಾಕ್ಟರ್ ಸಾಹೇಬ್ರ, ಆಪರೇಶನ್ ಮಾಡಿಸಿದ್ರ ಮತ್ತ ರೊಟ್ಟಿ ಬಡೀಬಹುದೇನ್ರಿ?” ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ತಾಯಂದಿರು ಕೇಳುವ ಮೊದಲ ಮಾತೇ ಇದು. ಉತ್ತರ ಯಾವ ಆಪರೇಶನ್ ಎಂಬುದರ ಮೇಲಿದೆ.

ಯುನಾನಿಯಲ್ಲಿ ಕೀಲುನೋವುಗಳಿಗೆಲ್ಲ ವಜಉಲ್ ಮಫಾಸಿಲ್ ಎಂದೇ ಹೆಸರು. ಅದರಲ್ಲಿ ರುಮಟಾಯ್ಡ್ ಸಂಧಿವಾತದ ದಾರಿ ಬೇರೆ. ದೇಹದ ರಕ್ಷಣಾ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಊದಿದ ಪೊರೆ ಎಲುಬನ್ನು ತಿನ್ನುತ್ತದೆ. ಕಿರುಬೆರಳಿನ ಕಡೆಯ ಎಲುಬಿನ ತುದಿ ಮೇಲೆದ್ದು, ಬೆರಳು ಎತ್ತುವ ನರದಂಥ ಹುರಿಗಳನ್ನು ತಿಕ್ಕಿ ತಿಕ್ಕಿ ಹರಿಯುತ್ತದೆ. ಒಂದು ಬೆಳಿಗ್ಗೆ ಕಿರುಬೆರಳು ಏಳುವುದಿಲ್ಲ, ಆಮೇಲೆ ಉಂಗುರಬೆರಳು. ನೋವಿಲ್ಲವೆಂದು ಸುಮ್ಮನಿರಬೇಡಿ, ಅದೇ ವಾರ ಸರ್ಜನ್‌ಗೆ ತೋರಿಸಿ.

ಆ ತುದಿ ಕತ್ತರಿಸಿ ಪೊರೆ ತೆಗೆದರೆ ನೋವು ಇಳಿಯುತ್ತದೆ, ಅಂಗೈ ಮಗುಚುವುದು ಸಲೀಸು. ಆದರೆ ರೋಗ ನಿಂತಿಲ್ಲದಿದ್ದರೆ ಮಣಿಕಟ್ಟು ಸವೆಯುತ್ತಲೇ ಇರುತ್ತದೆ. ಕೆಲವರಿಗೆ ವರ್ಷಗಳ ಮೇಲೆ ಇನ್ನೊಂದು ಆಪರೇಶನ್ ಬೇಕಾಗುತ್ತದೆ.

ಬಹಳ ಕಾಲ ಬಾಳುವುದು ಕೀಲು ಬೆಸೆಯುವ ಆಪರೇಶನ್. ಎಲುಬು ಕೂಡಿತೆಂದರೆ ನೋವಿಲ್ಲದ ಗಟ್ಟಿ ಕೈ, ಬಿಗಿಯಾದ ಹಿಡಿತ. ಮಣಿಕಟ್ಟು ಮಾತ್ರ ಮತ್ತೆಂದೂ ಬಾಗದು. ಸಜ್ದಾದಿಂದ ಅಂಗೈ ಊರಿ ಏಳಲಾಗದು. ಇಸ್ತಿಂಜಾಕ್ಕೆ ಎಡಗೈ ಬಾಗಲೇಬೇಕು. ಇದನ್ನು ನಾಚಿಕೆ ಬಿಟ್ಟು ಸರ್ಜನ್‌ಗೆ ಮೊದಲೇ ಹೇಳಿ. ಯಾವ ಕೋನದಲ್ಲಿ ಬೆಸೆಯಬೇಕೆಂದು ಆಗಲೇ ತೀರ್ಮಾನವಾಗಬೇಕು. ಎರಡೂ ಕೈ ಕೆಟ್ಟಿದ್ದರೆ ಒಂದನ್ನಾದರೂ ಬಾಗುವಂತೆ ಉಳಿಸಲು ನೋಡುತ್ತಾರೆ.

ಕೃತಕ ಕೀಲು ಬಾಗುತ್ತದೆ ನಿಜ. 1960ರ ದಶಕದಲ್ಲಿ ಅಮೆರಿಕದ ಸ್ವಾನ್ಸನ್ ತಂದ ಸಿಲಿಕೋನ್ ಕೀಲುಗಳು ಮೊದಮೊದಲು ಚೆನ್ನಾಗಿದ್ದು ಬರಬರುತ್ತ ಮುರಿದವು. ಈಗಿನ ಲೋಹದವು ಮೇಲು, ಆದರೂ ಸಡಿಲಾಗಬಹುದು. ಹೊಲದ ಕೂಲಿ ಮಾಡುವ ಕೈಗೆ ನಾನಂತೂ ಹೇಳುವುದಿಲ್ಲ.

ಮೆಥೊಟ್ರೆಕ್ಸೇಟ್‌ನಂಥ ಔಷಧ ಬೇಗ ಶುರುವಾದವರಿಗೆ ಆಪರೇಶನ್ ಬೇಕಾಗುವುದೇ ಕಡಿಮೆ. ವಾರಕ್ಕೊಮ್ಮೆಯ ಗುಳಿಗೆ ಅದು, ದಿನಾ ನುಂಗಿದರೆ ಜೀವಕ್ಕೆ ಅಪಾಯ. ನಮ್ಮ ಸೂರಂಜಾನ್ ಅದರ ಜಾಗ ತುಂಬದು. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಸಂತೆಯ ಹೆಸರಿಲ್ಲದ ಪುಡಿ ತಿನ್ನುತ್ತಿದ್ದರೆ ಅದನ್ನೂ ಸರ್ಜನ್‌ಗೆ ಹೇಳಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗಾಯ ಮಾಯುವುದು ತಡ, ಒಮ್ಮೆಲೇ ಬಿಟ್ಟರೂ ಅಪಾಯ. ಅರಿವಳಿಕೆಗೆ ಮೊದಲು ಕುತ್ತಿಗೆಯ ಎಕ್ಸ್‌ರೇ ಕೇಳಿ. ಈ ರೋಗ ಅಲ್ಲಿನ ಕೀಲನ್ನೂ ಸಡಿಲಿಸುತ್ತದೆ.

ಹಾಗೆ ಕೇಳಿದ ಸವದತ್ತಿಯ ತಾಯಿಯೊಬ್ಬರು ಬಲಗೈ ಬೆಸೆಸಿಕೊಂಡರು. ಬಡಿಯುವ ರೊಟ್ಟಿ ಬಿಟ್ಟಿದ್ದಾರೆ, ಲಟ್ಟಿಸುತ್ತಾರೆ. ನೀರಿನ ಕೊಡ ತಾವೇ ಎತ್ತುತ್ತಾರೆ.