ದೊಂದಿಯಿಂದ ಎಲ್‌ಇಡಿಯವರೆಗೆ: ಯಕ್ಷಗಾನ ವೇಷದ ಬಣ್ಣ ಮತ್ತು ರಂಗದ ಬೆಳಕು

ಯಕ್ಷಗಾನದ ವೇಷಭೂಷಣವನ್ನು ಕುರಿತು ಕನ್ನಡದಲ್ಲಿ ಗಣನೀಯವಾದ ಅಧ್ಯಯನ ನಡೆದಿದೆ. 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ದಿಂದ ಮೊದಲ್ಗೊಂಡು ಅನೇಕ ವಿದ್ವಾಂಸರು ಕಿರೀಟ, ಮುಂಡಾಸು, ಕಸೆ, ಮುಖವರ್ಣಿಕೆಗಳನ್ನು ವರ್ಗೀಕರಿಸಿ ವಿವರಿಸಿದ್ದಾರೆ. ಆದರೆ ಈ ವೇಷಗಳನ್ನು ಯಾವ ಬೆಳಕಿನಲ್ಲಿ ನೋಡಲಾಗುತ್ತಿತ್ತು ಎಂಬ ಪ್ರಶ್ನೆ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ: ಮೊದಲು ದೊಂದಿ, ಅನಂತರ ಗ್ಯಾಸ್‌ಲೈಟು, ಈಗ ವಿದ್ಯುತ್ತು. ದೀಪವನ್ನು ಕೇವಲ ಸೌಕರ್ಯವೆಂದು ಭಾವಿಸಿರುವುದೇ ಇದಕ್ಕೆ ಕಾರಣ. ವಾಸ್ತವದಲ್ಲಿ ಬಣ್ಣವೆಂಬುದು ಬಟ್ಟೆಯಲ್ಲಿ ಅಥವಾ ಮುಖದಲ್ಲಿ ಮಾತ್ರ ಇರುವ ಗುಣವಲ್ಲ; ದೀಪದಲ್ಲಿ ಇಲ್ಲದ ವರ್ಣವನ್ನು ಯಾವ ಬಟ್ಟೆಯೂ ಹಿಂದಿರುಗಿಸಲಾರದು. ಆದುದರಿಂದ ದೀಪ ಬದಲಾದಾಗಲೆಲ್ಲ ವೇಷವೂ ಬದಲಾಗಿದೆ ಎಂದು ತಿಳಿಯಬೇಕಾಗುತ್ತದೆ.

ಬಯಲಾಟದ ರಂಗಸ್ಥಳದ ಎರಡು ಪಕ್ಕಗಳಲ್ಲಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ದೊಂದಿ ಅಥವಾ ದೀವಟಿಗೆಗಳು ಉರಿಯುತ್ತಿದ್ದ ಕಾಲವನ್ನು ಮೊದಲು ಗಮನಿಸೋಣ. ಬೆಳಕಿನ ವರ್ಣವನ್ನು ಅಳೆಯಲು ಬಳಸುವ ಕೆಲ್ವಿನ್ ಮಾನದಲ್ಲಿ ಇಂತಹ ಜ್ವಾಲೆ ಸುಮಾರು 1900ರ ಆಸುಪಾಸಿನಲ್ಲಿ ಬರುತ್ತದೆ. ಹಗಲಿನ ಬೆಳಕು 5500ರಷ್ಟು. ಅಂದರೆ ಜ್ವಾಲೆಯ ಬೆಳಕಿನಲ್ಲಿ ಕೆಂಪು ಹಳದಿಗಳು ಹೇರಳ, ನೀಲಿ ಅತ್ಯಲ್ಪ. ಕೆಂಪು, ಕಿತ್ತಳೆ, ಅರದಾಳದ ಹಳದಿ, ಇಂಗಳೀಕದ ಕೆಂಪು, ಬೇಗಡೆಯ ಹೊನ್ನಿನ ಬಣ್ಣ ಇವೆಲ್ಲ ಈ ಬೆಳಕಿನಲ್ಲಿ ಹೊಳೆಯುತ್ತವೆ. ಗಾಢ ನೀಲಿಯು ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ಬಡಗುತಿಟ್ಟಿನ ಹಳೆಯ ವೇಷಗಳಲ್ಲಿ ಕೆಂಪು, ಕಪ್ಪು, ಹೊನ್ನು, ಬಿಳಿಗಳಿಗೆ ದೊರೆತಿರುವ ಪ್ರಾಧಾನ್ಯಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ. ಊಹೆಯೆಂಬ ಮಾತನ್ನು ಒತ್ತಿ ಹೇಳಬೇಕು. ಆ ಕಾಲದಲ್ಲಿ ಯಾವ ಬಣ್ಣದ ಬಟ್ಟೆ ಸುಲಭವಾಗಿ ದೊರೆಯುತ್ತಿತ್ತು, ಭೂತಾರಾಧನೆಯಂತಹ ನೆರೆಯ ಆಚರಣೆಗಳಲ್ಲಿ ಯಾವ ಬಣ್ಣಗಳಿಗೆ ಮಾನ್ಯತೆಯಿತ್ತು ಎಂಬುವೂ ಇಲ್ಲಿ ಪ್ರಸ್ತುತ. ಆದರೂ ಕಣ್ಣಿಗೆ ಕಾಣದ ಬಣ್ಣವನ್ನು ರಂಗಭೂಮಿ ಬಹುಕಾಲ ಪೋಷಿಸಲಾರದು.

ವರ್ಣಕ್ಕಿಂತಲೂ ಮುಖ್ಯವಾದುದು ದೀಪದ ಸ್ಥಾನ. ಜ್ವಾಲೆಯು ಪಕ್ಕದಲ್ಲಿ, ಹೆಚ್ಚುಕಡಿಮೆ ವೇಷಧಾರಿಯ ಮುಖದ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರುತ್ತಿತ್ತು. ಹೀಗೆ ಓರೆಯಾಗಿ ಬೀಳುವ ಬೆಳಕು ಉಬ್ಬುತಗ್ಗುಗಳನ್ನು ಎತ್ತಿ ತೋರಿಸುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದ ಚಿಟ್ಟಿಯನ್ನು ಇಲ್ಲಿ ನೆನೆಯಬೇಕು. ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣವನ್ನು ಮುಖದ ಮೇಲೆ ಸಾಲುಸಾಲಾಗಿ ಮುಳ್ಳಿನಂತೆ ನಿಲ್ಲಿಸುವ ಈ ಕೆಲಸಕ್ಕೆ ಹಲವು ಗಂಟೆಗಳೇ ಬೇಕು. ಬಿಳಿಯ ಗೆರೆಯಷ್ಟೇ ಸಾಕಾಗಿದ್ದಲ್ಲಿ ಕುಂಚದಿಂದ ಬರೆದರೆ ಮುಗಿಯುತ್ತಿತ್ತು; ಉಬ್ಬಿಸುವ ಶ್ರಮ ಏಕೆ? ಪಕ್ಕದ ಜ್ವಾಲೆಯಲ್ಲಿ ಪ್ರತಿಯೊಂದು ಚಿಟ್ಟಿಯೂ ತನ್ನದೊಂದು ನೆರಳನ್ನು ಬೀರುತ್ತದೆ. ಜ್ವಾಲೆ ಅಲುಗಿದಂತೆ ಆ ನೆರಳುಗಳೂ ಅಲುಗಿ ಮುಖವೇ ಕದಲಿದಂತಾಗುತ್ತದೆ. ಎದುರಿನಿಂದ ಸಮನಾಗಿ ಬೀಳುವ ಬೆಳಕಿನಲ್ಲಿ ಅದೇ ಚಿಟ್ಟಿ ಚಪ್ಪಟೆಯಾದ ಬಿಳಿಯ ಚಿತ್ತಾರ ಮಾತ್ರ.

ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ದೂರದಲ್ಲಿ ತೂಗುಹಾಕಿದ ದೊಡ್ಡ ದೀಪಗಳಿರುವಲ್ಲಿ ನಾಲ್ಕು ಹೆಜ್ಜೆಯ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಂದಿಯ ರಂಗದಲ್ಲಾದರೋ ಒಂದೇ ಹೆಜ್ಜೆ ವೇಷವನ್ನು ಬೆಳಗಿಸಬಲ್ಲದು, ಮರೆಸಬಲ್ಲದು. ಇಂದಿನ ರಂಗದಲ್ಲಿ ಡಿಮ್ಮರ್ ಮುಂದೆ ಕುಳಿತವನು ಮಾಡುವ ಕೆಲಸವನ್ನು ಅಂದು ವೇಷಧಾರಿಯೇ ತನ್ನ ನಡೆಯಿಂದ ಮಾಡುತ್ತಿದ್ದನು. ಬಣ್ಣದ ವೇಷವು ಸಭೆಯ ನಡುವಿನಿಂದ ದೊಂದಿ ಹಿಡಿದು, ರಾಳದ ಪುಡಿ ಎರಚಿ ಜ್ವಾಲೆಯನ್ನು ಭುಗಿಲೆಬ್ಬಿಸುತ್ತ ಬರುವ ಕ್ರಮವು ಈ ತಿಳಿವಳಿಕೆಯ ಪರಾಕಾಷ್ಠೆ. ಇದನ್ನು ಕೇವಲ ಭಯಾನಕತೆಯ ತಂತ್ರವೆಂದು ಹೇಳಿ ಬಿಡುವುದು ಸಾಲದು. ಅದು ಬೆಳಕನ್ನು ವೇಷವೇ ತನ್ನೊಡನೆ ಹೊತ್ತು ತರುವ ವ್ಯವಸ್ಥೆ.

ಗ್ಯಾಸ್‌ಲೈಟು ಎಂದು ಕರಾವಳಿಯಲ್ಲಿ ರೂಢಿಯಾದ ಪೆಟ್ರೋಮ್ಯಾಕ್ಸ್‌ನಲ್ಲಿ ಗ್ಯಾಸ್ ಇರಲಿಲ್ಲ. ಪಂಪಿನ ಒತ್ತಡದಿಂದ ಸೀಮೆಎಣ್ಣೆಯನ್ನು ಆವಿಯಾಗಿಸಿ ಉರಿಸಿ, ಆ ಉರಿಯಿಂದ ಮ್ಯಾಂಟಲ್ ಎಂಬ ಸಣ್ಣ ಬಲೆಯನ್ನು ಕಾಯಿಸುವುದು ಅದರ ಕ್ರಮ. ಆಸ್ಟ್ರಿಯದ ಕಾರ್ಲ್ ಆಯರ್ 1885ರಲ್ಲಿ ರೂಪಿಸಿದ ಈ ಬಲೆ ಮುಂದೆ ಥೋರಿಯಂ ಆಕ್ಸೈಡಿಗೆ ಶೇಕಡಾ 1ರಷ್ಟು ಸೀರಿಯಂ ಆಕ್ಸೈಡ್ ಬೆರೆಸಿದಾಗ ಪ್ರಖರವಾಯಿತು. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ 1910ರ ಸುಮಾರಿಗೆ ಸಿದ್ಧಪಡಿಸಿದ ಲಾಂದ್ರಕ್ಕೆ ಅವನ ಹೆಸರೇ ಅಂಟಿಕೊಂಡಿತು. ಇದರ ಬೆಳಕು ಜ್ವಾಲೆಗಿಂತ ಬಹಳ ಬಿಳುಪು, ಅಲುಗದು, ದೂರದವರೆಗೆ ಮುಟ್ಟುವುದು. ಮುಖದ ಮೇಲಿನ ಸೂಕ್ಷ್ಮ ಗೆರೆಗಳು ಹಿಂದೆ ಕುಳಿತವರಿಗೂ ಕಾಣುವಂತಾದುದು ಇದರ ದೊಡ್ಡ ಉಪಕಾರ. ಆದರೆ ತೂಗುಹಾಕಿದ ದೀಪವಾದುದರಿಂದ ಬೆಳಕು ಮೇಲಿನಿಂದ ಬೀಳತೊಡಗಿತು. ನೆರಳಿನ ದಿಕ್ಕೇ ತಿರುಗಿತು. ಒತ್ತಡ ಇಳಿದಂತೆ ಮಂಕಾಗುವ ಈ ದೀಪಕ್ಕೆ ರಾತ್ರಿಯಿಡೀ ಆಗಾಗ ಪಂಪು ಹೊಡೆಯಬೇಕು. ಅದರ ಎಡೆಬಿಡದ ‘ಸುಯ್’ ಸದ್ದು ಹಿಮ್ಮೇಳದ ಶ್ರುತಿಯೊಡನೆ ಬೆರೆತದ್ದನ್ನು ನೆನಪಿಸಿಕೊಳ್ಳುವ ಹಿರಿಯ ಪ್ರೇಕ್ಷಕರು ಇನ್ನೂ ಇದ್ದಾರೆ.

ಡೇರೆ ಮೇಳಗಳೊಂದಿಗೆ ವ್ಯಾಪಕವಾದ ವಿದ್ಯುತ್ ದೀಪಗಳ ವಿಚಾರದಲ್ಲಿ ಒಂದು ಭೇದವನ್ನು ಗುರುತಿಸಬೇಕು. ತಂತಿ ಕಾದು ಬೆಳಗುವ ಬಲ್ಬು ಮತ್ತು ಹ್ಯಾಲೊಜನ್‌ಗಳು ಜ್ವಾಲೆಯ ಸಂಬಂಧಿಗಳೇ; ರಂಗದ ಹ್ಯಾಲೊಜನ್ ಸುಮಾರು 3200 ಕೆಲ್ವಿನ್, ಅದರ ಬೆಳಕಿನಲ್ಲಿ ಎಲ್ಲ ವರ್ಣಗಳೂ ಅಖಂಡವಾಗಿ ಇರುತ್ತವೆ. ಟ್ಯೂಬ್‌ಲೈಟಿನ ಜಾತಿ ಬೇರೆ. ಪಾದರಸದ ಆವಿಯಿಂದ ಹುಟ್ಟುವ ಅದರ ಬೆಳಕಿನಲ್ಲಿ ಹಸಿರು ನೀಲಿಗಳು ಉಬ್ಬಿ, ಗಾಢ ಕೆಂಪು ಕೊರತೆಯಾಗಿರುತ್ತದೆ. ಉದ್ದನೆಯ ದೀಪವಾದುದರಿಂದ ನೆರಳೂ ಕರಗುತ್ತದೆ. ಯಕ್ಷಗಾನದ ವೇಷವು ಯಾವ ಎರಡನ್ನು ನಂಬಿತ್ತೋ, ಕೆಂಪು ಮತ್ತು ನೆರಳು, ಆ ಎರಡನ್ನೂ ಈ ದೀಪ ಕಸಿಯಿತು. ಹೊಳೆಯುವ ಕೃತಕ ಬಟ್ಟೆ, ಮಿಂಚುವ ಅಂಚುಗಳು ವೇಷಕ್ಕೆ ಬಂದುದನ್ನು ಅಭಿರುಚಿಯ ಪತನವೆಂದು ಮಾತ್ರ ಬಗೆಯುವವರು, ಮಂಕಾದ ಕೆಂಪನ್ನು ಮತ್ತೆ ಮೇಲೆತ್ತಲು ಕಲಾವಿದರು ಕಂಡುಕೊಂಡ ದಾರಿಯೂ ಅದಾಗಿರಬಹುದೇ ಎಂದು ಕೇಳಿಕೊಳ್ಳುವುದು ಉಚಿತ.

ಎಲ್‌ಇಡಿಯ ಸಮಸ್ಯೆ ಇನ್ನೂ ಸೂಕ್ಷ್ಮ. ದೀಪವೊಂದು ಬಣ್ಣಗಳನ್ನು ಎಷ್ಟು ಯಥಾರ್ಥವಾಗಿ ತೋರಿಸುತ್ತದೆಂಬುದಕ್ಕೆ ಸಿಆರ್‌ಐ ಎಂಬ ಅಂಕ ಬಳಕೆಯಲ್ಲಿದೆ. ಆದರೆ ಆ ಅಂಕವನ್ನು 8 ಮಾದರಿ ವರ್ಣಗಳಿಂದ ಲೆಕ್ಕಹಾಕುವರು. ಅವುಗಳಲ್ಲಿ ಗಾಢ ಕೆಂಪು ಇಲ್ಲ. ಅದು ಆರ್9 ಎಂಬ ಪ್ರತ್ಯೇಕ ಅಂಕ. ಸಿಆರ್‌ಐ 80 ಇರುವ ಅಗ್ಗದ ಎಲ್‌ಇಡಿಯಲ್ಲಿ ಆರ್9 ತೀರ ಕೆಳಗಿರುವುದು ಸಾಮಾನ್ಯ. ಬಣ್ಣ ಬದಲಿಸುವ ದೀಪಗಳಿಂದ ಆಗುವ ಹಾನಿ ಇದಕ್ಕಿಂತ ನೇರವಾದುದು: ಅಪ್ಪಟ ಕೆಂಪು ಬೆಳಕಿನಲ್ಲಿ ಬಿಳಿಯೂ ಕೆಂಪೂ ಒಂದೇ ಆಗಿ ಕಾಣುತ್ತವೆ, ಹಸಿರು ಕಪ್ಪಾಗುತ್ತದೆ. ರೌದ್ರದ ಸನ್ನಿವೇಶವೆಂದು ಕೆಂಪು ದೀಪ ಹಾಕಿದೊಡನೆ, ರೌದ್ರಕ್ಕಾಗಿಯೇ ಬರೆದ ಕೆಂಪು ಗೆರೆ ಬಿಳಿಯ ತಳದಲ್ಲಿ ಅಳಿಸಿಹೋಗುತ್ತದೆ.

ಈಚೆಗೆ ಅಲ್ಲಲ್ಲಿ ಏರ್ಪಡಿಸುವ ‘ದೊಂದಿ ಬೆಳಕಿನ ಯಕ್ಷಗಾನ’ ಸ್ವಾಗತಾರ್ಹವಾದರೂ ಅರ್ಧ ಪ್ರಯೋಗ. ಚೌಕಿಯಲ್ಲಿ ಬಿಳಿಯ ವಿದ್ಯುತ್ ದೀಪದ ಕೆಳಗೆ ಬಣ್ಣ ಹಚ್ಚಿಕೊಂಡವರು ರಂಗದಲ್ಲಿ ಜ್ವಾಲೆಯ ಮುಂದೆ ನಿಂತರೆ ಹಳೆಯ ವೇಷ ಮರಳಿ ಬಾರದು. ಹಿಂದೆ ಚೌಕಿಗೂ ರಂಗಕ್ಕೂ ಒಂದೇ ಜಾತಿಯ ಬೆಳಕಿತ್ತು. ಕನ್ನಡಿಯಲ್ಲಿ ತಾನು ಕಂಡ ಮುಖವನ್ನೇ ಸಭೆಯೂ ಕಾಣುವುದೆಂಬ ಭರವಸೆ ವೇಷಧಾರಿಗಿತ್ತು. ಹಾಗೆಂದು ಹೊಗೆ, ಎಣ್ಣೆಯ ಖರ್ಚು, ಬೆಂಕಿಯ ಅಪಾಯಗಳನ್ನು ಮೇಳಗಳು ಮತ್ತೆ ಹೊರಬೇಕೆಂದು ಅಪೇಕ್ಷಿಸುವುದು ಸಲ್ಲದು. 2700 ಕೆಲ್ವಿನ್ನಿನ, ಆರ್9 ಹೆಚ್ಚಿರುವ ದೀಪಗಳನ್ನು ಪಕ್ಕಗಳಲ್ಲಿ ತಗ್ಗಾಗಿ ಇರಿಸಿ, ಎದುರಿನ ಬೆಳಕನ್ನು ಇಳಿಸಿದರೆ ಚಿಟ್ಟಿಗೆ ಅದರ ನೆರಳನ್ನು ಬಹುಮಟ್ಟಿಗೆ ಹಿಂದಿರುಗಿಸಬಹುದು.

ಸಂಶೋಧಕರ ಮಟ್ಟಿಗೆ ತುರ್ತಿನ ವಿಷಯ ದಾಖಲಾತಿಯದು. ಫ್ಲ್ಯಾಶ್ ಹಾಕಿ ತೆಗೆದ ಛಾಯಾಚಿತ್ರವನ್ನು ಇಟ್ಟುಕೊಂಡು ಮುಖವರ್ಣಿಕೆಯ ವರ್ಣಗಳನ್ನು ಹೆಸರಿಸುವ ರೂಢಿ ನಮ್ಮಲ್ಲಿದೆ. ಕ್ಯಾಮರಾ ತಾನಾಗಿಯೇ ವರ್ಣವನ್ನು ತಿದ್ದಿಕೊಳ್ಳುವುದರಿಂದ ಈ ಚಿತ್ರಗಳು ಜ್ವಾಲೆಯ ಬೆಳಕನ್ನೂ ಬಿಳಿಯಾಗಿಸಲು ಹವಣಿಸುತ್ತವೆ. ಕ್ಷೇತ್ರಕಾರ್ಯದಲ್ಲಿ ಪ್ರತಿ ಚಿತ್ರದ ಜೊತೆಗೆ ದೀಪ ಯಾವುದು, ಎಷ್ಟು ಎತ್ತರದಲ್ಲಿತ್ತು, ಎಷ್ಟು ದೂರದಲ್ಲಿತ್ತು ಎಂದು ಬರೆದಿಡಬೇಕು. ಕ್ಯಾಮರಾದ ವರ್ಣಸಮತೋಲವನ್ನು ಒಂದೇ ಅಂಕಕ್ಕೆ ಕಟ್ಟಿಹಾಕಿ, ಚೌಕಿಯಲ್ಲೊಮ್ಮೆ ರಂಗದಲ್ಲೊಮ್ಮೆ ವೇಷದ ಪಕ್ಕದಲ್ಲಿ ಬಿಳಿಯ ಕಾಗದವೊಂದನ್ನು ಹಿಡಿಸಿ ಚಿತ್ರ ತೆಗೆಯಬೇಕು. ಎರಡು ಚಿತ್ರಗಳ ಕಾಗದವನ್ನು ಹೋಲಿಸಿದರೆ ಎರಡು ಬೆಳಕುಗಳ ಅಂತರ ತಿಳಿಯುತ್ತದೆ.