ಅಣ್ಣನ ನೋಟ್ಸು, ತಂಗಿಯ ಪರೀಕ್ಷೆ

ವಿಜಯಪುರ ಜಿಲ್ಲೆಯ ಇಂಡಿಯ ಬಸ್‌ಸ್ಟ್ಯಾಂಡಿನ ಬೆಳಗಿನ ಗಾಳಿಯಲ್ಲಿ ಲಿಂಬಿಹಣ್ಣಿನ ವಾಸನೆ ಇರುತ್ತದೆ. ಮಾರ್ಕೆಟ್ಟಿಗೆ ಬಂದ ಚೀಲಗಳದ್ದೋ, ಚೀಲ ಹೊತ್ತವರ ಅಂಗಿಗೇ ಹತ್ತಿಕೊಂಡು ಬಂದದ್ದೋ, ಅಂತೂ ಚಾದ ಹಬೆ, ಮಿರ್ಚಿಯ ಘಾಟು, ಬಸ್ಸಿನ ಡೀಸೆಲ್ಲು ಎಲ್ಲವನ್ನೂ ದಾಟಿ ಅದು ಮೂಗಿಗೆ ಬರುತ್ತದೆ. ಜನವರಿ ಕೊನೆಯ ಥಂಡಿ. ಊರ ಹೊರಗೆ ಬಿಳಿಜೋಳ ತೆನೆ ಹಿಡಿದು ನಿಂತಿದೆ. ತೊಗರಿ ರಾಶಿ ಮುಗಿದ ಹೊಲಗಳಲ್ಲಿ ಕಟಗಿ ಒಟ್ಟಿದ್ದಾರೆ. ಕಡಲೆ ಗಿಡದ ಮೇಲೆ ಬಿದ್ದ ಇಬ್ಬನಿ ನಾಲಿಗೆಗೆ ಹುಳಿ. ಹಳ್ಳಿಗಳಿಂದ ಬಂದ ಬಸ್ಸುಗಳ ಬಾಗಿಲು ತೆರೆದಾಗ ಮೊದಲು ಇಳಿಯುವವರು ಡಿಗ್ರಿ ಓದುವ ಹುಡುಗ ಹುಡುಗಿಯರು. ಒಂದು ಕೈಯಲ್ಲಿ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಚೀಲ, ಅದರೊಳಗೆ ಎರಡು ಪೆನ್ನು, ಹಾಲ್ ಟಿಕೆಟ್, ಕಾಲೇಜಿನ ಗುರುತಿನ ಚೀಟಿ. ಇನ್ನೊಂದು ಕೈಯಲ್ಲಿ ಮೂಲೆ ಮಡಚಿ ಮಡಚಿ ಮೆತ್ತಗಾದ ನೋಟ್‌ಬುಕ್ಕು. ಇವತ್ತು ಪೇಪರ್ ಇದೆ.

ಬನ್ನಿ, ಈ ಕಲ್ಲುಬೆಂಚಿನ ಮೇಲೆ ತುಸು ಹೊತ್ತು ಕೂಡೋಣ. ಪಕ್ಕದಲ್ಲಿ ಒಬ್ಬ ಹುಡುಗಿ ಮೊಬೈಲು ಕಿವಿಗಿಟ್ಟುಕೊಂಡು ಗೋವಾದಲ್ಲಿರುವ ಅವ್ವನ ಜೊತೆ ಮಾತಾಡುತ್ತಿದ್ದಾಳೆ. ಸುಗ್ಗಿ ಮುಗಿಸಿ ದುಡಿಯಲು ಹೋದವರು ಇನ್ನೂ ತಿರುಗಿ ಬಂದಿಲ್ಲ. “ಯವ್ವಾ, ಇವತ್ತ ಇತಿಹಾಸ ಪೇಪರ್ ಐತಿ.” ಆ ಕಡೆಯಿಂದ ದನಿ ನಮಗೂ ಕೇಳಿಸುವಷ್ಟು ಗಟ್ಟಿ: “ಛಲೋ ಬರಿ ನನ್ನವ್ವ. ಉಂಡೇನು?” ಅವ್ವನಿಗೆ ಕೇಳಲು ಗೊತ್ತಿರುವುದು ಅದೊಂದೇ, ಮತ್ತು ಅದು ಸಣ್ಣದಲ್ಲ. ಆದರೆ ಯಾವ ಪಾಠ ಮೊದಲು ಓದಬೇಕು, ಹತ್ತು ಅಂಕದ ಪ್ರಶ್ನೆಗೆ ಎಷ್ಟು ಪುಟ ಬರೆಯಬೇಕು, ಒಂದು ಪೇಪರ್ ಉಳಿದರೆ ಮುಂದೇನು ಎಂಬುದನ್ನು ಹೇಳುವವರು ಆ ಮನೆಯಲ್ಲಿಲ್ಲ. ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ಅವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಾಲೇಜು ಕೋಣೆಗಳಲ್ಲಿ ಇಂಥವರು ಬಹಳ ಮಂದಿ. ಇವರಿಗೆ ಓದಿನ ಬುದ್ಧಿಮಾತು ಎಲ್ಲಿಂದ ಸಿಗುತ್ತದೆ ಎಂಬುದನ್ನು ನೋಡಲೆಂದೇ ಈ ನಾಲ್ಕೂ ಊರು ಸುತ್ತಬೇಕು.

ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಸಿಂದಗಿ ಕಡೆ ಹೊರಟಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಬೇಕಿಲ್ಲ. “ದಿನಾ ಎಲ್ಲಿ ರೊಕ್ಕ ಕೊಡೂದು” ಎಂದು ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ಮಾತಿಗೆ ಈಗ ಬಲವಿಲ್ಲ. ಕಿಟಕಿ ಪಕ್ಕ ಕೂತವಳು ತುಟಿ ಅಲ್ಲಾಡಿಸುತ್ತ ಓದುತ್ತಾಳೆ, ರಸ್ತೆಯ ತಗ್ಗಿಗೆ ಬಸ್ಸು ಜಿಗಿದಾಗ ಸಾಲು ತಪ್ಪಿ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ಹಿಂದಿನ ಸೀಟಿನ ಅಜ್ಜಿ ಮಡಿಲಲ್ಲಿದ್ದ ಬುತ್ತಿ ಸರಿಸಿ, ನಿಂತಿದ್ದ ಇನ್ನೊಬ್ಬಳಿಗೆ ಜಾಗ ಮಾಡಿಕೊಟ್ಟಳು: “ಕೂಡ ಬಾರವ್ವ, ಕೂತ ಓದು.”

ಸಿಂದಗಿಯಲ್ಲಿ ಇಳಿದು ಕಾಲೇಜಿನ ಹಾದಿ ಹಿಡಿದರೆ ಮೊದಲು ಸಿಗುವುದು ಜೆರಾಕ್ಸ್ ಅಂಗಡಿ. ಪರೀಕ್ಷೆಯ ದಿನಗಳಲ್ಲಿ ಇದೇ ಊರಿನ ದೊಡ್ಡ ಕಚೇರಿ. ಬಿಸಿ ಕಾಗದದ ವಾಸನೆ, ಯಂತ್ರದ ಹಸಿರು ಬೆಳಕು ಹೋಗಿ ಬರುವ ಗತ್ತು, ಗಾಜಿನ ಮೇಲೆ ಹಾಳೆ ಬಡಿಯುವ ಸಪ್ಪಳ. ಅಂಗಡಿಕಾರರು ಕಣ್ಣೆತ್ತದೆ ಹಣ ಎಣಿಸುತ್ತಾರೆ, ಕಣ್ಣೆತ್ತದೆ ಉತ್ತರ ಕೊಡುತ್ತಾರೆ.

“ಕಾಕಾ, ಥರ್ಡ್ ಸೆಮ್ ರಾಜ್ಯಶಾಸ್ತ್ರ ಐಎಂಪಿ ಅದಾವೇನ್ರಿ?”

“ಅದಾವ ತಮ್ಮಾ. ಐಎಂಪಿ ಒಂದನ್ನ ನಂಬಿ ಕೂಡಬ್ಯಾಡ. ಹಳೇ ಪೇಪರೂ ಒಯ್ಯಿ.”

ಈ ಊರುಗಳಲ್ಲಿ ಕೇಳಿಬರುವ ಬುದ್ಧಿಮಾತುಗಳಲ್ಲಿ ಇಷ್ಟು ಸರಿಯಾದದ್ದು ಅಪರೂಪ. ಐಎಂಪಿ ಎಂದರೆ ಬರಬಹುದೆಂದು ಯಾರೋ ಊಹಿಸಿ ಆರಿಸಿಟ್ಟ ಹತ್ತಿಪ್ಪತ್ತು ಪ್ರಶ್ನೆ. ಬಂದರೆ ಬಂತು. ಹಳೆಯ ಪ್ರಶ್ನೆಪತ್ರಿಕೆ ಹಾಗಲ್ಲ. ಯಾವ ಘಟಕದಿಂದ ಎಷ್ಟು ಕೇಳುತ್ತಾರೆ, ‘ವಿವರಿಸಿ’ ಎಂದಾಗ ಎಷ್ಟು ಬೇಕು, ‘ಟಿಪ್ಪಣಿ ಬರೆಯಿರಿ’ ಎಂದಾಗ ಎಷ್ಟು ಸಾಕು ಎಂಬುದು ಅದರಲ್ಲಿದೆ. ಒಂದೇ ಪಠ್ಯಕ್ರಮದ ನಾಲ್ಕಾರು ಪತ್ರಿಕೆ ಪಕ್ಕಪಕ್ಕ ಹಾಸಿ ನೋಡಿದವನಿಗೆ ಪರೀಕ್ಷೆಯ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಗಲ್ಲೆಯ ಪಕ್ಕದ ಕಂಪ್ಯೂಟರಿನ ಮುಂದೆ ಇನ್ನೊಂದು ಸಾಲು. ಹೆಸರು ನೋಂದಣಿ, ಪರೀಕ್ಷೆ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲವೂ ಈಗ ಯುಯುಸಿಎಂಎಸ್ ಎಂಬ ರಾಜ್ಯದ ಒಂದೇ ವ್ಯವಸ್ಥೆಯಲ್ಲಿ ನಡೆಯುತ್ತದೆ. ಪಾಸ್‌ವರ್ಡ್ ಮರೆತವರು, ನೋಂದಣಿ ಮಾಡಿಸಿದ ಮೊಬೈಲ್ ನಂಬರು ಬದಲಾದವರು, ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇರುವವರು ಇಲ್ಲಿ ಬಂದು ನಿಲ್ಲುತ್ತಾರೆ. “ಓಟಿಪಿ ಅಪ್ಪನ ಫೋನಿಗೆ ಹೊಕ್ಕೈತ್ರಿ, ಅಂವ ಹೊಲದಾಗ ಅದಾನ” ಎಂದು ಒಬ್ಬ ಹುಡುಗ ಕಣ್ಣು ತುಂಬಿಕೊಂಡು ಹೇಳಿದಾಗ, ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ಅಪ್ಪ ಫೋನ್ ಎತ್ತುವ ತನಕ ಎಲ್ಲರೂ ಕಾದರು.

ಈ ಪ್ರಶ್ನೆಪತ್ರಿಕೆಗಳ ಮೇಲೆ ಹೆಸರಿರುವ ವಿಶ್ವವಿದ್ಯಾಲಯ ಇರುವುದು ಬೆಳಗಾವಿಯಲ್ಲಿ, ಸಿಂದಗಿಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಿಂದೆ ಈ ಸೀಮೆಯ ಕಾಲೇಜುಗಳೆಲ್ಲ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂಕಪಟ್ಟಿಯ ತಕರಾರು ಇದ್ದರೆ ಧಾರವಾಡದ ಬಸ್ಸು ಹತ್ತಬೇಕಿತ್ತು. 2010ರಲ್ಲಿ ಬೆಳಗಾವಿಯ ಈ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಇಂಡಿಯ ಜಿ.ಆರ್. ಗಾಂಧಿ ಕಾಲೇಜು, ಸಿಂದಗಿಯ ಜಿ.ಪಿ. ಪೋರವಾಲ ಕಾಲೇಜು, ಮುದ್ದೇಬಿಹಾಳದ ಎಂ.ಜಿ.ವಿ.ಸಿ. ಕಾಲೇಜು, ಬಾಗೇವಾಡಿಯ ಬಸವೇಶ್ವರ ಕಾಲೇಜು ಈ ತಾಲೂಕುಗಳ ಮಕ್ಕಳು ಡಿಗ್ರಿಗೆಂದು ಬರುವ ಹೆಸರುವಾಸಿ ಕಾಲೇಜುಗಳು. ಮಹಿಳಾ ಕಾಲೇಜುಗಳಿಗೆ ವಿಜಯಪುರದ ತೊರವಿಯಲ್ಲೇ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ, ಈಗ ಅಕ್ಕಮಹಾದೇವಿಯ ಹೆಸರಿನಲ್ಲಿ. ಆದರೂ ಹಳ್ಳಿಯ ಹುಡುಗನಿಗೆ ವಿಶ್ವವಿದ್ಯಾಲಯವೆಂದರೆ ಒಂದು ಮುದ್ರೆ, ಒಂದು ಸುತ್ತೋಲೆ, ಮುಂದಕ್ಕೆ ಹೋದ ಒಂದು ವೇಳಾಪಟ್ಟಿ. ಅದರ ಮುಖ ಅವನು ನೋಡಿರುವುದಿಲ್ಲ. ಹಾಗಾಗಿ ಜೆರಾಕ್ಸ್ ಅಂಗಡಿಯ ಕಾಕಾನೇ ವಿಶ್ವವಿದ್ಯಾಲಯ.

ಅಂಗಡಿಯ ಮೂಲೆಯಲ್ಲಿ ಅಣ್ಣ ತಂಗಿ ಇಬ್ಬರು ಒಂದು ದಪ್ಪ ನೋಟ್‌ಬುಕ್ಕು ಹರವಿಕೊಂಡು ನಿಂತಿದ್ದರು. ಅಣ್ಣ ಡಿಗ್ರಿ ಮುಗಿಸಿ ಹೊಲ ನೋಡಿಕೊಳ್ಳುತ್ತಿದ್ದಾನೆ. ನೋಟ್ಸು ಅವನದು, ಅಂದವಾದ ಅಕ್ಷರ, ಕೆಂಪು ಮಸಿಯಲ್ಲಿ ಶೀರ್ಷಿಕೆ. ತಂಗಿ ಒಂದೊಂದೇ ಹಾಳೆ ತಿರುವಿ, “ಅಣ್ಣಾ, ಇದು ನಮಗ ಇಲ್ಲೋ. ಇದೂ ಇಲ್ಲ” ಎನ್ನುತ್ತಿದ್ದಳು. ಅವನ ಮುಖ ಇಳಿಯಿತು.

ಇದು ಅವರಿಬ್ಬರ ತೊಂದರೆ ಮಾತ್ರವಲ್ಲ. 2021ರಿಂದ 2023ರವರೆಗೆ ಡಿಗ್ರಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಓದಿದರು. ಅವರಿಗೆ ಬಹುತೇಕ ವಿಷಯಗಳಲ್ಲಿ ಪರೀಕ್ಷೆಗೆ 60, ಒಳ ಮೌಲ್ಯಮಾಪನಕ್ಕೆ 40 ಅಂಕ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಪಠ್ಯ ಬದಲಾಯಿತು, ಪರೀಕ್ಷೆಗೆ 80, ಒಳಗಿನದಕ್ಕೆ 20 ಆಯಿತು. ಅಣ್ಣ ಒಂದು ನಮೂನೆಯಲ್ಲಿ ಬರೆದ, ತಂಗಿ ಇನ್ನೊಂದರಲ್ಲಿ ಬರೆಯುತ್ತಾಳೆ. ಇವರಿಬ್ಬರಿಗಿಂತ ಮೊದಲು ಓದಿದ ಸೋದರಮಾವನದು ಮೂರನೆಯದು. ಓದಿದವರ ಮನೆಗಳಲ್ಲಿ ಇಂಥ ಬದಲಾವಣೆ ಒಂದು ಸಂಜೆಯ ಮಾತಿನಲ್ಲಿ ಬಗೆಹರಿಯಬಹುದು. ಅಣ್ಣನ ಒಂದೇ ನೋಟ್‌ಬುಕ್ಕು ಆಸ್ತಿಯಾಗಿರುವ ಮನೆಯಲ್ಲಿ ಅದು ದೊಡ್ಡ ಪೆಟ್ಟು. ಪಠ್ಯ ಬದಲಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಬದಲಿಸಿದ ಮೇಲೆ ಮಾದರಿ ಪ್ರಶ್ನೆಪತ್ರಿಕೆಯನ್ನೂ ಕನ್ನಡದ ಪಠ್ಯಪುಸ್ತಕವನ್ನೂ ತರಗತಿ ಶುರುವಾಗುವ ಮೊದಲೇ ಹಳ್ಳಿಯ ಮಕ್ಕಳ ಕೈಗೆ ಮುಟ್ಟಿಸದಿರುವುದು ತಪ್ಪು.

ಅಣ್ಣನ ನೋಟ್ಸು ಪೂರ್ತಿ ದಂಡವಲ್ಲ ಎಂಬುದನ್ನೂ ಅದೇ ಅಂಗಡಿಯಲ್ಲಿ ನೋಡಿದೆವು. ತಂಗಿ ಹೊಸ ಸಿಲೆಬಸ್ಸಿನ ಹಾಳೆ ಪಡೆದು, ಅಣ್ಣನ ನೋಟ್‌ಬುಕ್ಕಿನ ಪಕ್ಕ ಇಟ್ಟು, ಹೊಂದುವ ಪಾಠಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದಳು. ಶಾತವಾಹನರು ಹಾಗೇ ಇದ್ದರು, ಚಾಲುಕ್ಯರೂ ಇದ್ದರು. ಅವರು ಬೇರೆ ಸೆಮಿಸ್ಟರಿಗೆ ಹೋಗಿದ್ದರು ಅಷ್ಟೆ. ಸಿಲೆಬಸ್ಸನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮುದ್ದೇಬಿಹಾಳಕ್ಕೆ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಇತ್ತ ನೀರಾವರಿಯ ಹಸಿರು, ಅತ್ತ ಬಿರಿದ ಎರಿಭೂಮಿ. ಹಾಸ್ಟೆಲಿನ ಪಡಸಾಲೆಯಲ್ಲಿ ಹುಡುಗರು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತಿದ್ದಾರೆ, ನಡುವೆ ಶೇಂಗಾಹಿಂಡಿ ಬಳಿದ ಕಟಕರೊಟ್ಟಿ. ವಾಣಿಜ್ಯ ಓದುವವನ ಕಷ್ಟ ಬೇರೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವನ ಮುಂದೆ ಇಂಗ್ಲಿಷಿನ ದಪ್ಪ ಪುಸ್ತಕ ಇದೆ. ಅವನು ಅದನ್ನು ಬಾಯಿಪಾಠ ಮಾಡುತ್ತಿದ್ದ, ಅರ್ಥದ ಗೊಡವೆ ಬಿಟ್ಟು. ಮೇಲಿನ ತರಗತಿಯವನೊಬ್ಬ ಪುಸ್ತಕ ಕಸಿದು ಮುಚ್ಚಿಟ್ಟ: “ಲೇ, ನಿಮ್ಮಪ್ಪ ಉಳ್ಳಾಗಡ್ಡಿ ಸೋಲಾಪುರಕ್ಕ ಒಯ್ದಾಗ ಬಾಡಗಿ, ಹಮಾಲಿ, ದಲಾಲಿ ಎಲ್ಲಾ ಹೋಗಿ ಏನ ಉಳೀತು, ಅದನ್ನ ಹೇಳು ಮೊದಲ.” ಹುಡುಗ ಹೇಳಿದ, ಪೈಸೆ ಸಹಿತ. “ಅದ ನೋಡು ನಿನ್ನ ಲಾಭ ನಷ್ಟದ ಲೆಕ್ಕ. ಈಗ ಪುಸ್ತಕ ತಗೀ.” ಎಷ್ಟೋ ಒಳ್ಳೆಯ ಪಾಠಗಳು ಈ ಸೀಮೆಯಲ್ಲಿ ಹೀಗೆ ಕಪ್ಪು ಹಲಗೆಯಿಲ್ಲದ ಕಡೆ ನಡೆಯುತ್ತವೆ.

ಸಂಜೆಗೆ ಬಸವನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರು. ಮೂಲನಂದೀಶ್ವರನ ಗುಡಿಯ ಅಂಗಳದಲ್ಲಿ ಊದಿನಕಡ್ಡಿ, ಒಡೆದ ತೆಂಗಿನಕಾಯಿ, ಆಗತಾನೆ ನೀರು ಹಾಕಿದ ಕಲ್ಲುಚಪ್ಪಡಿಯ ತಂಪು. ಸಮ ಸೆಮಿಸ್ಟರಿನ ಪರೀಕ್ಷೆ ಮಳೆಗಾಲಕ್ಕೆ ಜಾರಿದರೆ ಶ್ರಾವಣದ ಜಾತ್ರೆಯ ಗದ್ದಲವೂ ಓದೂ ಇಲ್ಲಿ ಒಂದಾಗುತ್ತವೆ. ಈಗ ಮಾಘದ ನಿರಾಳ. ಕಟ್ಟೆಯ ಮೇಲೆ ಐದಾರು ಹುಡುಗಿಯರು ದುಂಡಗೆ ಕೂತಿದ್ದಾರೆ. ಪುಸ್ತಕ ಒಬ್ಬಳ ಕೈಯಲ್ಲಿ ಮಾತ್ರ. ಅವಳು ಕೇಳುತ್ತಾಳೆ, ಉಳಿದವರು ಹೇಳುತ್ತಾರೆ. ತಡವರಿಸಿದವಳು ಹಾಳೆಯ ಮೇಲೆ ಉತ್ತರ ಬರೆದು ತೋರಿಸಬೇಕು. “ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರ ಏನಕ್ಕಾ?” “ಉಪ್ಪಿನ ರೇಟು ಏರಿದರೂ ಉಪ್ಪು ಅಷ್ಟ ತರತೀವಿ, ಟೊಮೆಟೊ ಏರಿದರ ಕಡಿಮಿ ತರತೀವಿ. ಅದನ್ನ ಬರಿ.” ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯುವ ಈ ಆಟವನ್ನು ಯಾವ ತಜ್ಞರೂ ಬಂದು ಕಲಿಸಿಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಇನ್ನು ಕೆಲವರಿಗೆ ಓದಿದ್ದನ್ನು ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಸಲ ಓದಿ ‘ಎಲ್ಲಾ ಬಂತು’ ಎನಿಸುವುದೂ, ಕೋಣೆಯೊಳಗೆ ‘ಎಲ್ಲಾ ಹೋಯ್ತು’ ಎನಿಸುವುದೂ ಯಾಕೆಂದು ಇದರಿಂದ ತಿಳಿಯುತ್ತದೆ.

ಕೂಡಿ ಓದುವುದು ಈ ನೆಲಕ್ಕೆ ಹೊಸದೂ ಅಲ್ಲ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ ಒಟ್ಟಿಗೆ ಓದಿದರು, ಚರ್ಚಿಸಿದರು, ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. ಆ ಗೆಳೆತನದಿಂದ ‘ಗರತಿಯ ಹಾಡು’ ಸಂಕಲನ 1931ರಲ್ಲಿ ಹೊರಬಂತು. ಸಿಂದಗಿ ತಾಲೂಕಿನ ಹಳ್ಳಿಯಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೇ ಕುಲಪತಿಯಾದರು. ಈ ಕಟ್ಟೆಯ ಮೇಲೆ ಕೂತವರು ಇದೇ ಮಣ್ಣಿನವರು. ಕಡಿಮೆ ಇರುವುದು ಬುದ್ಧಿಯಲ್ಲ, ದಾರಿ ತೋರುವವರು.

ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರು, ಪುಣೆಗಳಲ್ಲಿ ನೌಕರಿ ಹಿಡಿದವರು, ಊರಲ್ಲೇ ಮೇಷ್ಟ್ರಾದವರು, ಅಂಗಡಿ ಇಟ್ಟವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಓಣಿಯ ಹುಡುಗ ಹುಡುಗಿಯರನ್ನು ಒಂದು ಸಂಜೆ ಕರೆದು ಕೂಡಿಸಿಕೊಳ್ಳಿ. ಈಗಿನ ಸಿಲೆಬಸ್ಸನ್ನು ಅವರ ಕೈಯಲ್ಲೇ ತೆಗೆಸಿ, ಹತ್ತು ಅಂಕದ ಒಂದು ಉತ್ತರವನ್ನು ಗಡಿಯಾರ ಇಟ್ಟು ಬರೆಯಿಸಿ, ಎಲ್ಲಿ ಎಡವಿದರೆಂದು ತೋರಿಸಿ. ನಿಮ್ಮಲ್ಲಿರುವ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಈಗಿನ ಪಠ್ಯಕ್ಕೆ ಹೊಂದುವಂಥವನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಒಂದು ಪೇಪರ್ ಬ್ಯಾಕ್ ಉಳಿಯಿತೆಂದು ಓದು ಬಿಡಲು ಹೊರಟವನಿಗೆ, ಅದು ಮುಂದಿನ ಸಲ ಬರೆದು ತೆಗೆಯುವಂಥದ್ದೆಂದು ನೀವೇ ಹೋಗಿ ಹೇಳಿ.